ಕಾರ್ಖಾನೆಗೂ ಮೊದಲೇ ಸತ್ತ ಹೊಲಗಳು

ರಾಗಿ ಬೆಳೆಯುವ ಹೊಲದಲ್ಲಿ ಕಲ್ಲು ನೆಡುತ್ತಿದ್ದಾರೆ. ತಲೆಗೆ ಬಿಳಿ ಸುಣ್ಣ, ಮೈಮೇಲೆ ಕೆಂಪು ಬಣ್ಣದಲ್ಲಿ ನಂಬರು. ತುಮಕೂರಿನಿಂದ ಶಿವಮೊಗ್ಗದ ಕಡೆಗೆ ಹೆದ್ದಾರಿ ಅಗಲವಾಗುತ್ತ ಬಂದ ಹಾಗೆ ಈ ಕಲ್ಲುಗಳೂ ಅದರ ಬೆನ್ನಿಗೇ ಬರುತ್ತಿವೆ. ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಕಡೂರು, ಬೀರೂರಿನ ಮಗ್ಗುಲಿಗೆ ಬಂದಿವೆ. ಅಲ್ಲಿಂದ ಅಜ್ಜಂಪುರದ ಎರೆ ಭೂಮಿಗೆ, ಅಂತರಘಟ್ಟೆಯ ಸುತ್ತಲಿನ ಹೊಲಗಳಿಗೆ ದೂರವೇನಲ್ಲ. ಕಾರ್ಖಾನೆ ಬರುತ್ತದೆ, ಕೈಗಾರಿಕಾ ಹಬ್ ಬೆಳೆಯುತ್ತದೆ, ಈಗಲೇ ಒಂದು ಸೈಟು ಹಾಕಿಬಿಡಿ, ಐದು ವರ್ಷಕ್ಕೆ ಮೂರರಷ್ಟಾಗುತ್ತದೆ ಎಂಬ ಮಾತು ಎಲ್ಲ ಬಾಯಲ್ಲೂ ಓಡಾಡುತ್ತಿದೆ. ಈ ಮಾತಿನ ವಿರುದ್ಧ ನಾನು ಬರೆಯುತ್ತಿದ್ದೇನೆ. ಇದು ನಮ್ಮ ಸೀಮೆಯನ್ನು ಕೊಲ್ಲುತ್ತಿದೆ.

ಹೊಲ ಹೇಗೆ ಸಾಯುತ್ತದೆ ಎಂಬುದನ್ನು ಕಣ್ಣಾರೆ ಕಾಣದವರಿಗೆ ಹೇಳಬೇಕು. ಮೊದಲು ಜೆಸಿಬಿ ಬರುತ್ತದೆ. ಬದುವಿನ ಮೇಲಿನ ಜಾಲಿ, ಬೇವು, ಹೊಂಗೆ ಒಂದೇ ಮಧ್ಯಾಹ್ನದಲ್ಲಿ ಬೇರುಸಮೇತ ಉರುಳುತ್ತವೆ. ಆಮೇಲೆ ಬದುವೇ ಹೋಗುತ್ತದೆ. ಮೂರು ನಾಲ್ಕು ತಲೆಮಾರು ಉಳುವಾಗ ಸಿಕ್ಕ ಕಲ್ಲನ್ನೆಲ್ಲ ಆರಿಸಿ ಅಂಚಿಗೆ ಪೇರಿಸಿ ಕಟ್ಟಿದ ಬದು ಅದು. ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿದಿಡಲು ಬಯಲುಸೀಮೆಯ ಬೇಸಾಯಗಾರನಿಗಿದ್ದ ಆಸರೆ. ನಂತರ ಮೇಲ್ಮಣ್ಣಿನ ಸರದಿ. ಒಂದು ಇಂಚು ಮೇಲ್ಮಣ್ಣು ಕೂಡಿಬರಲು ನೂರಾರು ವರ್ಷ ಹಿಡಿಯುತ್ತದೆ. ಅದನ್ನು ಹೊತ್ತೊಯ್ಯಲು ಟಿಪ್ಪರಿಗೆ ಒಂದು ದಿನ ಸಾಕು. ಬರಿದಾದ ನೆಲಕ್ಕೆ ಗ್ರಾವೆಲ್ ಸುರಿದು ರೋಲರ್ ಓಡಿಸುತ್ತಾರೆ. ರೋಲರ್ ಓಡಿದ ನೆಲಕ್ಕೆ ಮಳೆ ಇಳಿಯುವುದಿಲ್ಲ. ಹೊಲದ ಅಂಚಿನಲ್ಲಿ ಹರಿದು ಊರ ಕೆರೆ ಸೇರುತ್ತಿದ್ದ ಹಳ್ಳವನ್ನು ಮುಚ್ಚಿ, ನಕ್ಷೆಯಲ್ಲಿ ಅದೇ ಜಾಗಕ್ಕೆ ಹಸಿರು ಬಳಿದು ಪಾರ್ಕ್ ಎಂದು ಬರೆಯುತ್ತಾರೆ. ಒಂದು ಕಮಾನು, ನಾಲ್ಕು ದೀಪದ ಕಂಬ, ಒಂದು ಫ್ಲೆಕ್ಸ್. ಕಡೆಗೆ ಎಲ್ಲರೂ ಎದ್ದು ಹೋಗುತ್ತಾರೆ.

ಆಮೇಲೆ ಅಲ್ಲಿ ಏನೂ ನಡೆಯುವುದಿಲ್ಲ. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ. ಆ ಕಮಾನಿನೊಳಗೆ ಮನೆ ಏಳುವುದಿಲ್ಲ, ಒಲೆ ಹೊತ್ತುವುದಿಲ್ಲ, ಮಕ್ಕಳ ದನಿ ಕೇಳುವುದಿಲ್ಲ. ಕೊಂಡವರಲ್ಲಿ ಹೆಚ್ಚಿನವರು ಆ ನೆಲವನ್ನು ಎರಡನೇ ಸಲ ನೋಡಲು ಬರುವುದೂ ಇಲ್ಲ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೂತು, ದರ ಏರಲಿ ಎಂದು ಕಾಯುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಾರ್ಥೇನಿಯಂ ಎದೆಯುದ್ದ ನಿಲ್ಲುತ್ತದೆ. ಕುರಿ ಮೇಯಿಸಲು ಹೋದವನನ್ನು ಕಾವಲುಗಾರ ಅಟ್ಟುತ್ತಾನೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಕೊಡುತ್ತಿದ್ದ ನೆಲ ಅದು. ಒಂದು ಮನೆಗೆ ವರ್ಷದ ಹಿಟ್ಟು, ಎರಡು ಎತ್ತಿಗೆ ವರ್ಷದ ಹುಲ್ಲು, ಕಳೆ ಕೀಳುವ ಹೆಂಗಸರಿಗೆ ಕೂಲಿ ಕೊಟ್ಟ ನೆಲ. ಈಗ ಅದು ಯಾರಿಗೂ ಏನನ್ನೂ ಕೊಡುವುದಿಲ್ಲ. ಅದೇ ಊರಿನಲ್ಲಿ ಆಶ್ರಯ ನಿವೇಶನಕ್ಕೆ ಅರ್ಜಿ ಹಾಕಿದವರು ವರ್ಷಾನುಗಟ್ಟಲೆ ಪಂಚಾಯಿತಿ ಮೆಟ್ಟಿಲು ಸವೆಸುತ್ತಿರುತ್ತಾರೆ. ಒಂದೇ ಗುಡಿಸಲಲ್ಲಿ ಮೂರು ಸಂಸಾರ ಮಲಗುವ ಊರಿನ ಪಕ್ಕದಲ್ಲೇ ನೂರಾರು ಖಾಲಿ ಸೈಟು! ಇದನ್ನು ವಸತಿ ಎಂದು ಕರೆಯಲು ನಾಲಗೆ ಹೇಗೆ ಬರುತ್ತದೆ?

ಕಾರ್ಖಾನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಹುಡುಗರಿಗೂ ಕೆಲಸ ಬೇಕು. ಆದರೆ ಕಾರ್ಖಾನೆಯ ಹೆಸರು ಹೇಳಿ ಸೈಟು ಮಾರುವವರಿಗೂ ಕಾರ್ಖಾನೆಗೂ ಸಂಬಂಧವೇ ಇಲ್ಲ ಎಂಬುದನ್ನು ತಿಳಿಯಬೇಕು. ಇದೇ ಹೆದ್ದಾರಿಯ ಗುಬ್ಬಿ ತಾಲ್ಲೂಕಿನಲ್ಲಿ, ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ, ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅದೇ ದಿನ ತುಮಕೂರಿನ ಕೈಗಾರಿಕಾ ಟೌನ್‌ಶಿಪ್ಪಿಗೂ ಅಡಿಗಲ್ಲು ಬಿತ್ತು. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿ ವಸಂತನರಸಾಪುರದ ಹೆಸರು ದೊಡ್ಡದಾಗಿದೆ. ಆ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗ ಈ ಸೈಟುಗಳನ್ನು ಕೊಳ್ಳುತ್ತಾನೆಯೇ? ಅವನ ಸಂಬಳ ರೂಮಿನ ಬಾಡಿಗೆಗೆ, ಮೆಸ್ಸಿಗೆ, ಊರಿಗೆ ಕಳಿಸುವುದಕ್ಕೆ ಮುಗಿಯುತ್ತದೆ. ಕೋಲಾರದ ನರಸಾಪುರವನ್ನು ನೆನೆಯಿರಿ. 2020ರ ಡಿಸೆಂಬರಿನಲ್ಲಿ ಅಲ್ಲಿನ ಐಫೋನ್ ಜೋಡಣೆ ಕಾರ್ಖಾನೆಯ ಕಾರ್ಮಿಕರು ದುಡಿದ ಸಂಬಳ ಸರಿಯಾಗಿ ಕೈಗೆ ಬರಲಿಲ್ಲವೆಂದು ಸಿಡಿದೆದ್ದರು. ದುಡಿದ ಕೂಲಿಗೇ ಬಡಿದಾಡಬೇಕಾದವರು ಮೂವತ್ತು–ನಲವತ್ತರ ಸೈಟು ಕೊಳ್ಳುತ್ತಾರೆಂದು ಹೇಳುವುದು ಸುಳ್ಳು. ಸೈಟು ಕೊಳ್ಳುವವನು ಬೇರೆ. ಅವನಿಗೆ ಇರಲು ಮನೆಯಿದೆ. ಉಳಿದ ಹಣವನ್ನು ಎಲ್ಲಿ ಬಚ್ಚಿಡಬೇಕೆಂದು ಹುಡುಕುತ್ತಿದ್ದವನಿಗೆ ನಮ್ಮ ಹೊಲ ಸಿಕ್ಕಿದೆ.

ಕಾರ್ಖಾನೆ ಬಂದರೆ ನೆಲದ ಬೆಲೆ ಎಂದೆಂದಿಗೂ ಏರುತ್ತಲೇ ಇರುತ್ತದೆ ಎನ್ನುವವರು ಭದ್ರಾವತಿಗೆ ಹೋಗಿ ಬರಲಿ. ಅಂತರಘಟ್ಟೆಯ ಜಾತ್ರೆಗೆ ಗಾಡಿ ಕಟ್ಟುವ ಜನರ ಊರು ಅದು, ನಮಗೆ ನೆರೆಯದು. 1918ರಲ್ಲಿ ಮೊದಲುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕಾಯಿಸಿತು. ಕೆಮ್ಮಣ್ಣುಗುಂಡಿಯ ಬೆಟ್ಟ ಅಗೆದು ಅದಿರು ತಂದರು, ಸುತ್ತಲ ಕಾಡು ಕಡಿದು ಇದ್ದಿಲು ಮಾಡಿದರು. ಕಾಗದದ ಕಾರ್ಖಾನೆಯೂ ಬಂತು. ನಾಲ್ಕು ತಲೆಮಾರು ಜನ ಅಲ್ಲಿ ಅನ್ನ ಕಂಡರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಗದದ ಕಾರ್ಖಾನೆ ನಿಂತುಹೋಯಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ದೆಹಲಿಯಿಂದ ಬಂತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ನೂರು ವರ್ಷ ಬಾಳಿದ ಕಾರ್ಖಾನೆಯನ್ನೇ ಒಂದು ಕಾಗದದಲ್ಲಿ ಮುಗಿಸಬಲ್ಲವರ ಮಾತು ನಂಬಿ, ಇನ್ನೂ ಅಡಿಪಾಯವನ್ನೇ ತೆಗೆಯದ ಕಾರ್ಖಾನೆಗಾಗಿ ಇವತ್ತೇ ಹೊಲ ಕೆಡವುತ್ತೇವೆ ಎಂದರೆ ಅದಕ್ಕಿಂತ ದೊಡ್ಡ ಅವಿವೇಕ ಇನ್ನೊಂದಿಲ್ಲ. ಕಾರ್ಖಾನೆ ಮುಚ್ಚಿದರೆ ಬೀಗ ತೆಗೆದು ಮತ್ತೆ ನಡೆಸಬಹುದು. ಗ್ರಾವೆಲ್ ಸುರಿದ ಹೊಲವನ್ನು ಮತ್ತೆ ಉಳಲಾಗದು.

ಈ ಸೀಮೆ ಎಂಥದ್ದು ಎಂಬುದು ಆ ಕಲ್ಲು ನೆಡುವವರಿಗೆ ಗೊತ್ತೇ? ಮದಗದ ಕೆರೆಗೆ ಬಂದ ಮಳೆಯನ್ನು ಇಡೀ ನಾಡಿನ ಬಾಯಲ್ಲಿ ಹಾಡಾಗಿಸಿದ ಸೀಮೆ ಇದು. ಮಳೆ ಇಲ್ಲಿ ಅಷ್ಟು ದೊಡ್ಡ ಸುದ್ದಿ, ಅಷ್ಟು ಅಪರೂಪ. ಅಮೃತ ಮಹಲ್ ದನಗಳ ಸೀಮೆಯೂ ಇದೇ. ಮೈಸೂರಿನ ಒಡೆಯರು ಬೆಣ್ಣೆ ಚಾವಡಿ ಎಂದು ಕಟ್ಟಿ, ಹೈದರ್ ಮತ್ತು ಟಿಪ್ಪು ದಂಡಿನ ಬೆನ್ನೆಲುಬಾಗಿ ಬೆಳೆಸಿದ ತಳಿ. ಅವುಗಳ ಮೇವಿಗೆಂದು ಲಕ್ಷಾಂತರ ಎಕರೆ ಹುಲ್ಲುಗಾವಲನ್ನು ಕಾವಲು ಎಂದು ಬಿಟ್ಟಿದ್ದರು. ಅಜ್ಜಂಪುರದಲ್ಲಿ ಇವತ್ತಿಗೂ ಆ ತಳಿಯ ಸಂವರ್ಧನಾ ಕೇಂದ್ರವಿದೆ. ಕಡೂರಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು. ಕೃಷ್ಣಮೃಗ ಇನ್ನೂ ಅಲ್ಲಿ ಓಡುತ್ತದೆ. ಉಳಿದ ಕಾವಲುಗಳ ಗತಿ ಏನಾಯಿತು? ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆಯನ್ನು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟು ಗೋಡೆ ಎಬ್ಬಿಸಿದರು. ಕುರಿ ಕಾಯುವವರು, ಅದರ ಉಣ್ಣೆಯಲ್ಲಿ ಕಂಬಳಿ ನೇಯುವವರು ಗೋಡೆಯ ಹೊರಗೆ ನಿಂತರು. ಯಾರ ಹೆಸರಿಗೂ ಪಹಣಿ ಇಲ್ಲದ ನೆಲವನ್ನು ಖಾಲಿ ನೆಲ ಎಂದು ತಿಳಿಯುವುದು ಸರ್ಕಾರದ ಹಳೆಯ ಚಾಳಿ. ಸಾವಿರ ಗೊರಸು ದಿನವೂ ತುಳಿಯುವ ನೆಲ ಖಾಲಿ ಹೇಗಾದೀತು?

ಅಂತರಘಟ್ಟಮ್ಮನ ಜಾತ್ರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ, ಫೆಬ್ರವರಿಯ ಬಿಸಿಲಿನಲ್ಲಿ, ತರೀಕೆರೆ, ಭದ್ರಾವತಿ, ಕಡೂರು ಕಡೆಯಿಂದ ಪಾನಕದ ಗಾಡಿಗಳು ಧೂಳೆಬ್ಬಿಸಿಕೊಂಡು ಓಡಿಬರುತ್ತವೆ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಗಾಡಿಯೊಳಗೆ ಅಜ್ಜಿಯಿಂದ ಹಸುಗೂಸಿನವರೆಗೆ ಇಡೀ ಸಂಸಾರ. ಬಂದ ಗಾಡಿಗಳೆಲ್ಲ ಕೊಯ್ಲಾದ ಹೊಲದಲ್ಲಿ ಕೊರಳು ಬಿಡುತ್ತವೆ. ಆ ಹೊಲ ಯಾರದೆಂದು ಯಾರೂ ಕೇಳುವುದಿಲ್ಲ. ಹೊಲದವನೂ ಬೇಡ ಎನ್ನುವುದಿಲ್ಲ; ಎತ್ತು ತುಳಿದ ಹೊಲ, ಸಗಣಿ ಬಿದ್ದ ಹೊಲ ಮುಂಗಾರಿಗೆ ಚೆನ್ನಾಗಿ ಬರುತ್ತದೆಂದು ಅವನಿಗೆ ಗೊತ್ತು. ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ, ಎತ್ತಿಗೆ ಹುಲ್ಲು ಹಾಕುತ್ತಾರೆ, ಅಲ್ಲೇ ಮಲಗುತ್ತಾರೆ. ಬೆಳೆ ಇರುವಾಗ ಒಬ್ಬನದಾಗಿದ್ದ ಹೊಲ, ಬೆಳೆ ಎದ್ದ ಮೇಲೆ ಊರಿನದಾಗುತ್ತದೆ. ಬೇಲಿ ಹಾಕಿ ನಂಬರು ಬರೆದ ನೆಲದಲ್ಲಿ ಗಾಡಿ ಬಿಡಲು ಯಾರ ಅಪ್ಪಣೆ ಕೇಳಬೇಕು? ಆ ಸೈಟಿನ ಒಡೆಯ ಯಾವ ಊರಿನಲ್ಲಿದ್ದಾನೆ? ಹೊಲ ಹೋದರೆ ಮೇವು ಹೋಗುತ್ತದೆ, ಮೇವು ಹೋದರೆ ಎತ್ತು ಸಂತೆಗೆ ಹೋಗುತ್ತದೆ. ಎತ್ತಿಲ್ಲದ ಮೇಲೆ ಅಮ್ಮನ ಜಾತ್ರೆಗೆ ಗಾಡಿ ಎಲ್ಲಿಂದ ಬಂದೀತು?

ಇದೆಲ್ಲ ತಾನಾಗಿಯೇ ಆಗಲಿಲ್ಲ. ಬಾಗಿಲು ತೆರೆದುಕೊಟ್ಟವರಿದ್ದಾರೆ. ಆ ಬಾಗಿಲನ್ನು ಹಿಂದೆ ಹೋರಾಡಿ ಮುಚ್ಚಿಸಿದ್ದರು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಒಡೆಯರಿಗೆ ಎದುರು ನಿಂತರು. ಸಮಾಜವಾದಿ ನಾಯಕ ಲೋಹಿಯಾ ಬಂದು ಸೆರೆಮನೆ ಕಂಡರು, ಶಾಂತವೇರಿ ಗೋಪಾಲಗೌಡರು ಆ ದನಿಯನ್ನು ವಿಧಾನಸಭೆಗೆ ಒಯ್ದರು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, ಭೂಸುಧಾರಣಾ ಕಾನೂನಿನ 1974ರ ತಿದ್ದುಪಡಿಯೊಂದಿಗೆ, ಉಳುವವನೇ ಹೊಲದೊಡೆಯನಾದ. ಆ ಕಾನೂನಿನ 79ಎ ಮತ್ತು 79ಬಿ ಕಲಂಗಳು ಬೇಸಾಯ ಮಾಡದವನು, ಹೊರಗಿನ ದೊಡ್ಡ ಆದಾಯದವನು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದವು. ಕಳ್ಳದಾರಿಗಳಿದ್ದವು ನಿಜ, ಆದರೂ ತಡೆ ತಡೆಯೇ. 2020ರಲ್ಲಿ, ಕೊರೊನಾಕ್ಕೆ ಹೆದರಿ ಜನ ಮನೆಯೊಳಗೆ ಕೂತಿದ್ದಾಗ, ಮೊದಲು ಸುಗ್ರೀವಾಜ್ಞೆ ತಂದು, ಆಮೇಲೆ ಸದನದಲ್ಲಿ ಒಪ್ಪಿಗೆ ಪಡೆದು, ಆ ಕಲಂಗಳನ್ನು ಬೇರುಸಹಿತ ಕಿತ್ತರು. ಹಣವಿದ್ದ ಯಾರು ಬೇಕಾದರೂ ಹೊಲ ಕೊಳ್ಳಬಹುದು ಎಂದಾಯಿತು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯಿತು. ರೈತರು ಬೀದಿಗಿಳಿದರು, ವಿರೋಧ ಪಕ್ಷಗಳು ಗುಡುಗಿದವು. ಮುಂದೆ ಸರ್ಕಾರ ಬದಲಾಯಿತು. ಕಲಂಗಳು ಮಾತ್ರ ಮರಳಲಿಲ್ಲ.

ಇನ್ನೊಂದು ಕೇಡನ್ನು ನೋಡಿ. ಭದ್ರೆಯ ನೀರನ್ನು ಎತ್ತಿ, ಅಜ್ಜಂಪುರದ ಬಳಿ ಗುಡ್ಡ ಕೊರೆದ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವ ಭದ್ರಾ ಮೇಲ್ದಂಡೆ ಯೋಜನೆ ನಡೆದಿದೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರು ಕೊಡುವುದು ಅದರ ಗುರಿ. ಸಾವಿರಾರು ಕೋಟಿ ರೂಪಾಯಿ, ಜನರ ತೆರಿಗೆ ಹಣ, ಕಾಲುವೆಗಾಗಿ ಜಮೀನು ಬಿಟ್ಟುಕೊಟ್ಟ ರೈತರ ತ್ಯಾಗ ಇದರಲ್ಲಿದೆ. ಹೊಲಕ್ಕೆ ನೀರು ತರುವ ಕೆಲಸ ಮುಗಿಯುವ ಮೊದಲೇ ನೀರು ಕುಡಿಯಬೇಕಾದ ಹೊಲ ಭೂಪರಿವರ್ತನೆಯಾಗಿ ಸೈಟಾದರೆ, ಆ ನೀರು ಯಾರಿಗೆ? ಒಂದು ಇಲಾಖೆ ಕಾಲುವೆ ತೋಡುತ್ತದೆ, ಇನ್ನೊಂದು ಇಲಾಖೆ ಅದೇ ಅಚ್ಚುಕಟ್ಟಿನ ಹೊಲವನ್ನು ಹೊಲವಲ್ಲ ಎಂದು ಬರೆದುಕೊಡುತ್ತದೆ. ಇಂಥ ಹೊಣೆಗೇಡಿತನಕ್ಕೆ ಕ್ಷಮೆಯಿಲ್ಲ.

ದೇವನಹಳ್ಳಿಯ ರೈತರು ನಮಗೆ ದಾರಿ ತೋರಿಸಿದ್ದಾರೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಕಿತ್ತುಕೊಳ್ಳಲು ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹೊರಟಾಗ, 2022ರ ಏಪ್ರಿಲಿನಲ್ಲಿ ಅವರು ಧರಣಿ ಕೂತರು. ಮೂರು ವರ್ಷ ದಾಟಿದರೂ ಏಳಲಿಲ್ಲ. 2025ರ ಜೂನ್ 25ರಂದು ಪೊಲೀಸರು ಎಳೆದೊಯ್ದರು. ಬಿಟ್ಟ ಮೇಲೆ ಮತ್ತೆ ಬಂದು ಕೂತರು. ಜುಲೈ 15ರಂದು ಮುಖ್ಯಮಂತ್ರಿಗಳೇ ಭೂಸ್ವಾಧೀನ ಕೈಬಿಟ್ಟೆವು ಎಂದು ಹೇಳಬೇಕಾಯಿತು. ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ಆ ಹೆಂಗಸರು, ಆ ಮುದುಕರು ಗೆದ್ದರು.

ಆದರೆ ನಮ್ಮ ಸೀಮೆಗೆ ಬಂದಿರುವ ಶತ್ರು ಇನ್ನೂ ಕುಟಿಲ. ಕೆಐಎಡಿಬಿಯಾದರೆ ನೋಟಿಸು ಕೊಡಲೇಬೇಕು. ಸರ್ವೆ ನಂಬರು ಬರೆಯಲೇಬೇಕು, ಆಕ್ಷೇಪ ಕೇಳಲೇಬೇಕು. ಎದುರು ನಿಲ್ಲಲು ಒಂದು ಕಚೇರಿ ಇರುತ್ತದೆ, ಧಿಕ್ಕಾರ ಕೂಗಲು ಒಂದು ಹೆಸರು ಇರುತ್ತದೆ. ಸೈಟಿನ ವ್ಯಾಪಾರಕ್ಕೆ ನೋಟಿಸಿಲ್ಲ. ಅದು ಚಹಾದಂಗಡಿಯಲ್ಲಿ ಶುರುವಾಗಿ ಅಗ್ರಿಮೆಂಟಿನಲ್ಲಿ ಮುಗಿಯುತ್ತದೆ. ಒಬ್ಬೊಬ್ಬ ರೈತನನ್ನೇ ಬೇರೆ ಮಾಡಿ, ಒಂದೊಂದೇ ಹೊಲವನ್ನು ಕಿತ್ತು ತೆಗೆಯುತ್ತಾರೆ. ಊರಿನವನೇ ಆದ ದಲ್ಲಾಳಿ ಬಂದು ಕೂತು ಆಡುವ ಮಾತು ಎಲ್ಲ ಹಳ್ಳಿಯಲ್ಲೂ ಒಂದೇ:

"ಯಜಮಾನ್ರೇ, ರಾಗಿ ಬೆಳ್ದು ಏನ್ ಸಿಕ್ತು ಇಷ್ಟ್ ವರ್ಷ? ಪಕ್ಕದ ಹೊಲದೋರು ಆಗ್ಲೇ ಸಹಿ ಹಾಕವ್ರೆ. ನೀವ್ ಮಧ್ಯ ಸಿಕ್ಕಾಕ್ಕಂಡ್ರೆ ನಿಮ್ ಹೊಲಕ್ಕೆ ದಾರಿನೂ ಇರಲ್ಲ. ಮಗಳ ಮದುವೆ ಬೇರೆ ಐತೆ, ಯೋಚ್ನೆ ಮಾಡಿ."

ಈ ಮಾತಿನಲ್ಲಿ ಬೆದರಿಕೆಯೂ ಇದೆ, ಆಸೆಯೂ ಇದೆ. ಪಕ್ಕದ ಹೊಲದವನ ಮುಂದೂ ಇದೇ ಮಾತು ಆಡಿ ಬಂದಿರುತ್ತಾನೆ. ಮಾರುವ ರೈತನನ್ನು ನಾನು ಬೈಯುವುದಿಲ್ಲ. ಕೊರೆಸಿದ ಬೋರು ಒಣಗಿದೆ, ಸೊಸೈಟಿ ಸಾಲ ಬೆಳೆದಿದೆ, ಈರುಳ್ಳಿ ದರ ಬಿದ್ದ ವರ್ಷ ಕಿತ್ತ ಕೂಲಿಯೂ ಹುಟ್ಟದೆ ಗೆಡ್ಡೆ ಹೊಲದಲ್ಲೇ ಕೊಳೆತಿದೆ. ಮಗ ಬೆಂಗಳೂರಿನಲ್ಲಿ ಡೆಲಿವರಿ ಬೈಕು ಓಡಿಸುತ್ತಿದ್ದಾನೆ. ಬೇಸಾಯವನ್ನು ಬಾಳಲಾಗದ ಬಾಳಾಗಿಸಿದವರೇ ಇವತ್ತು, ರೈತನೇ ಒಪ್ಪಿ ಮಾರಿದ್ದಾನೆ, ನಿಮಗೇನು ಎಂದು ಕೇಳುತ್ತಾರೆ. ಉಸಿರುಗಟ್ಟಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈತಪ್ಪದಿರಲೆಂದೇ 1978ರ ಪಿಟಿಸಿಎಲ್ ಕಾಯ್ದೆ ಬಂತು, 2023ರಲ್ಲಿ ಅದಕ್ಕೆ ಮತ್ತೆ ಬಲ ತುಂಬಲಾಯಿತು. ಆ ಕಾಯ್ದೆಯ ಹಿಂದಿರುವ ತಿಳಿವಳಿಕೆ ಇದೇ: ಕಷ್ಟದಲ್ಲಿದ್ದವನ ಸಹಿಗೆ ಬೆಲೆ ಕಟ್ಟುವವನು ಎದುರು ಕೂತಿರುವ ಹಣವಂತ.

ಹಾಗಾದರೆ ಬೇಕಾದದ್ದೇನು? 79ಎ, 79ಬಿ ಮರಳಿ ಬರಬೇಕು. ಬೇಸಾಯ ಮಾಡದವನಿಗೆ ಹೊಲವಿಲ್ಲ. ವಸತಿಗೆಂದು ಭೂಪರಿವರ್ತನೆ ಪಡೆದು ಐದು ವರ್ಷದಲ್ಲಿ ಮನೆ ಕಟ್ಟದ ನೆಲದ ಪರಿವರ್ತನೆ ರದ್ದಾಗಬೇಕು. 2013ರ ಭೂಸ್ವಾಧೀನ ಕಾಯ್ದೆಯೇ ಐದು ವರ್ಷ ಬಳಸದೆ ಬಿಟ್ಟ ಭೂಮಿಯನ್ನು ಮೂಲ ಒಡೆಯನಿಗೋ ಭೂಬ್ಯಾಂಕಿಗೋ ಹಿಂದಿರುಗಿಸಬೇಕೆಂದು ಹೇಳುತ್ತದೆ. ಸರ್ಕಾರಕ್ಕೆ ಇರುವ ಕಟ್ಟಳೆ ಸೈಟು ವ್ಯಾಪಾರಿಗೆ ಏಕಿರಬಾರದು? ಭದ್ರಾ ಮೇಲ್ದಂಡೆಯ ಅಚ್ಚುಕಟ್ಟಿನ ಒಂದು ಗುಂಟೆಯೂ ಪರಿವರ್ತನೆಯಾಗಕೂಡದು. ಹಳ್ಳ, ಕೆರೆಗೆ ನೀರು ತರುವ ಕಾಲುವೆ, ನಕಾಶೆಯಲ್ಲಿರುವ ಬಂಡಿದಾರಿ ಇವುಗಳ ಸರ್ವೆ ಮುಗಿದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುವವರೆಗೆ ಯಾವ ಲೇಔಟಿಗೂ ಒಪ್ಪಿಗೆ ಕೊಡಬಾರದು. ಉಳಿದಿರುವ ಪ್ರತಿ ಕಾವಲಿನ, ಪ್ರತಿ ಗೋಮಾಳದ ಗಡಿಕಲ್ಲು ಊರಿನವರ ಎದುರೇ ಗುರುತಾಗಬೇಕು. ಎಲ್ಲಕ್ಕೂ ಮೊದಲು ರಾಗಿಗೆ, ಈರುಳ್ಳಿಗೆ, ಕೊಬ್ಬರಿಗೆ ಬಾಳಲು ಸಾಕಾಗುವಷ್ಟು ಬೆಲೆ ಸಿಗಬೇಕು. ಹೊಲದಲ್ಲಿ ಬದುಕಿದ್ದರೆ ಯಾವ ದಲ್ಲಾಳಿಯ ಮಾತೂ ನಡೆಯದು.

ದೂರದ ಊರುಗಳಲ್ಲಿ ಕೂತು ಸೈಟಿಗೆ ಮುಂಗಡ ಕೊಡಲು ಹೊರಟವರೇ, ನಿಮ್ಮಲ್ಲಿ ಎಷ್ಟೋ ಮಂದಿ ಇಂಥದೇ ಹಳ್ಳಿಯಿಂದ ಹೋದವರು. ರಾಗಿ ಮುದ್ದೆ ಉಂಡು ಬೆಳೆದವರು. ನೀವು ಕೊಳ್ಳುತ್ತಿರುವುದು ಯಾರದೋ ಬದು, ಯಾರದೋ ಹಳ್ಳ, ಯಾರದೋ ಎತ್ತಿನ ಮೇವು. ನಿಮ್ಮ ಉಳಿತಾಯಕ್ಕೆ ನೂರು ದಾರಿಗಳಿವೆ, ಈ ಮಣ್ಣಿಗೆ ಇನ್ನೊಂದು ದಾರಿಯಿಲ್ಲ. ಕೊಳ್ಳಬೇಡಿ.

ಅಂತರಘಟ್ಟೆ ಸೀಮೆಯ ನನ್ನ ಜನರೇ, ನೋಟಿಸು ಬರಲೆಂದು ಕಾಯಬೇಡಿ, ಅದು ಬರುವುದಿಲ್ಲ. ಮುಂದಿನ ಗ್ರಾಮಸಭೆಗೆ ಹೋಗಿ. ಯಾವ ಯಾವ ಸರ್ವೆ ನಂಬರು ಪರಿವರ್ತನೆಗೆ ಅರ್ಜಿಯಾಗಿದೆ, ಓದಿ ಎಂದು ಕೇಳಿ. ಓದುವವರೆಗೆ ಏಳಬೇಡಿ. ಪಕ್ಕದ ಹೊಲದವನು ಸಹಿ ಹಾಕಿದನೆಂದು ದಲ್ಲಾಳಿ ಹೇಳಿದರೆ, ಆ ಹೊಲದವನ ಮನೆಗೇ ಹೋಗಿ ವಿಚಾರಿಸಿ. ಇಬ್ಬರೂ ಸಹಿ ಹಾಕಿಲ್ಲವೆಂದು ಅಲ್ಲೇ ಗೊತ್ತಾಗುತ್ತದೆ. ಚನ್ನರಾಯಪಟ್ಟಣದ ಹದಿಮೂರು ಹಳ್ಳಿ ಒಟ್ಟಾಗಿ ನಿಂತು ಸರ್ಕಾರವನ್ನೇ ಹಿಂದಕ್ಕೆ ಕಳಿಸಿದವು. ಜಾತ್ರೆಗೆ ಒಟ್ಟಾಗಿ ಗಾಡಿ ಕಟ್ಟುವ ನಾವು ಹೊಲ ಉಳಿಸಿಕೊಳ್ಳಲೂ ಒಟ್ಟಾಗಿ ನಿಲ್ಲಬೇಕು, ಕಲ್ಲು ನೆಡಲು ಬಂದವರನ್ನು ಬದುವಿನಲ್ಲೇ ತಡೆಯಬೇಕು.